ಗೊತ್ತಿದ್ದವರು ಕಳಿಸಿದ ಸುದ್ದಿ

ಬೆಂಗಳೂರಿನ ಮತ್ತಿಕೆರೆಯಲ್ಲಿ ಬಾಡಿಗೆ ಮನೆ ಹುಡುಕಿ ಬಂದವರಿಗೆ ಎದುರಾಗುವ ಮೊದಲ ಪ್ರಶ್ನೆ, ‘ಇಲ್ಲಿ ನಿಮಗೆ ಗೊತ್ತಿದ್ದವರು ಯಾರಿದ್ದಾರೆ?’ ಬಿಇಎಲ್ ಕೆಲಸಕ್ಕೆಂದೋ ರಾಮಯ್ಯ ಕಾಲೇಜಿಗೆಂದೋ ಬಂದ ಎಷ್ಟೋ ಜನ ಪರಿಚಿತರೊಬ್ಬರ ಮಾತಿನ ಮೇಲೆಯೇ ಇಲ್ಲಿ ನೆಲೆ ಕಂಡುಕೊಂಡಿದ್ದಾರೆ. ಗೊತ್ತಿದ್ದವರ ಮಾತನ್ನು ನಂಬುವುದು ಒಳ್ಳೆಯ ಗುಣ. ಜಾಗತಿಕ ಸಂಪರ್ಕಜಾಲಗಳಲ್ಲಿ ಸುಳ್ಳು ಓಡುವುದೂ ಇದೇ ನಂಬಿಕೆಯ ಬೆನ್ನೇರಿ.

2012ರ ಆಗಸ್ಟ್‌ನಲ್ಲಿ ಬೆಂಗಳೂರು ಇದನ್ನು ಕಣ್ಣಾರೆ ಕಂಡಿತು. ಅಸ್ಸಾಮಿನ ಕೊಕ್ರಝಾರ್ ಗಲಭೆಯ ಬೆನ್ನಲ್ಲೇ, ಈಶಾನ್ಯ ರಾಜ್ಯದವರ ಮೇಲೆ ಇಲ್ಲಿ ದಾಳಿ ನಡೆಯಲಿದೆ ಎಂಬ ಎಸ್ಸೆಮ್ಮೆಸ್ ಹಬ್ಬಿತು. ಸಾವಿರಾರು ಜನ ಗುವಾಹಟಿಯ ರೈಲು ಹತ್ತಿದರು. ಆಗಿನ ಗೃಹ ಸಚಿವ ಆರ್. ಅಶೋಕ ಅವರೇ ರೈಲು ನಿಲ್ದಾಣಕ್ಕೆ ಹೋಗಿ ಧೈರ್ಯ ಹೇಳಿದರೂ ಜನ ನಿಲ್ಲಲಿಲ್ಲ. ಗೆಳೆಯ ಕಳಿಸಿದ ಸಂದೇಶ, ಊರಿನಿಂದ ಅಮ್ಮನ ಕರೆ. ಇವುಗಳ ಮುಂದೆ ಸಚಿವರ ಭರವಸೆ ಎಷ್ಟರದು? ಒಮ್ಮೆಗೆ ಐದಕ್ಕಿಂತ ಹೆಚ್ಚು ಎಸ್ಸೆಮ್ಮೆಸ್ ಕಳಿಸದಂತೆ ಕೇಂದ್ರ ಸರ್ಕಾರ ತಾತ್ಕಾಲಿಕ ನಿರ್ಬಂಧ ಹೇರಿತು.

ಆರು ವರ್ಷಗಳ ನಂತರ ಅದೇ ಐದು ಮತ್ತೆ ಬಂತು, ಹೆಚ್ಚು ಕ್ರೂರವಾದ ಕಾರಣಕ್ಕೆ.

2018ರ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ, ಜುಲೈ 13ರಂದು ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಮಕ್ಕಳ ಕಳ್ಳರೆಂಬ ವದಂತಿಗೆ ಅಮಾಯಕರು ಬಲಿಯಾದರು. ಮುರ್ಕಿಯಲ್ಲಿ ಸತ್ತವರು ಮಕ್ಕಳಿಗೆ ಚಾಕೊಲೇಟ್ ಕೊಟ್ಟ ತಂಡದಲ್ಲಿದ್ದ ಎಂಜಿನಿಯರ್. ದೇಶದ ಹಲವೆಡೆ ಇಂಥ ಕೊಲೆಗಳು ನಡೆದಿದ್ದವು. ಅದೇ ತಿಂಗಳು ವಾಟ್ಸ್‌ಆ್ಯಪ್, ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗೆ ಮಾತ್ರ ಕಳಿಸಬಹುದೆಂದು ಸಾರಿತು; 2019ರ ಜನವರಿಯಲ್ಲಿ ಆ ಮಿತಿ ಇಡೀ ಜಗತ್ತಿಗೆ ಅನ್ವಯವಾಯಿತು. ನಮ್ಮ ಹಳ್ಳಿ, ಪೇಟೆಗಳ ದುಃಖ ಬ್ರೆಜಿಲಿನವರ ಫೋನಿನ ನಿಯಮವನ್ನೂ ಬದಲಿಸಿತು. ಜಾಲ ಬಂದು ಊರನ್ನು ಕೆಡಿಸಿತು ಎಂದಷ್ಟೇ ದೂರುವವರು ಇದನ್ನು ಗಮನಿಸಬೇಕು.

ಆದರೆ ಎಣಿಕೆಯಿಂದ ಆಗುವುದು ಕಡಿಮೆ. ಆಗ ಒಂದು ಗುಂಪಿನಲ್ಲಿ 256 ಜನ ಇರಬಹುದಿತ್ತು. ಐದು ಗುಂಪೆಂದರೆ 1,280 ಮಂದಿ. ಮನೆಮಂದಿಯ ಗುಂಪಿನಲ್ಲಂತೂ ಇನ್ನೊಂದು ತೊಡಕು: ಹಿರಿಯರ ತಪ್ಪನ್ನು ಎಲ್ಲರೆದುರು ಎತ್ತಿ ಆಡಬಾರದು ಎಂಬ ಮರ್ಯಾದೆ. ಹಾಗಾಗಿ ಸುಳ್ಳೆಂದು ಗೊತ್ತಿದ್ದವರೂ ಸುಮ್ಮನಿರುತ್ತಾರೆ, ಸುಳ್ಳು ಉಳಿಯುತ್ತದೆ. ಆ ಮರ್ಯಾದೆಯನ್ನು ಬಿಡಬೇಕಿಲ್ಲ. ಬೇರೆಯಾಗಿ ಫೋನ್ ಮಾಡಿ, ‘ದೊಡ್ಡಪ್ಪ, ಅದು ಹಳೇ ವಿಡಿಯೊ, ಇಲ್ಲಿಯದಲ್ಲ’ ಎಂದರೆ ಸಾಕು. ಅವರೇ ಅದನ್ನು ಎಲ್ಲರ ಫೋನಿನಿಂದಲೂ ಅಳಿಸಬಹುದು. ವಾಟ್ಸ್‌ಆ್ಯಪ್ ಅದಕ್ಕೆ ಎರಡು ದಿನಕ್ಕೂ ಹೆಚ್ಚು ಅವಕಾಶ ಕೊಡುತ್ತದೆ.