ಉಣುಗೋಲು ಸರಿಸಿದವರು ಮುಚ್ಚಿ ಹೋಗ್ತಿಲ್ಲ

ಶನಿವಾರ ಬೆಳಿಗ್ಗೆ ಕಿಗ್ಗಾ ರಸ್ತೆಯಲ್ಲೋ, ಹರಿಹರಪುರದ ಆಸುಪಾಸಿನಲ್ಲೋ, ಬಾಳೆಹೊನ್ನೂರಿನ ಭದ್ರಾ ದಡದಲ್ಲೋ ಒಂದರ್ಧ ಗಂಟೆ ನಿಂತು ನೋಡಿ. ಗದ್ದೆ ಪಕ್ಕ ಕಾರು ನಿಲ್ಲುತ್ತೆ. ನಾಲ್ಕೈದು ಜನ ಇಳೀತಾರೆ. ಒಬ್ಬರು ಫೋಟೊಗೆ ಗದ್ದೆ ಅಂಚಿನ ಮೇಲೆ ನಡೀತಾರೆ, ಇನ್ನೊಬ್ಬರು ಬೇಲಿ ತಂತಿ ಎತ್ತಿ ತೋಟದ ಒಳಗೇ ಹೋಗ್ತಾರೆ. ಯಾರನ್ನೂ ಕೇಳೋದಿಲ್ಲ. ಕೇಳಬೇಕು ಅಂತ ಅವರಿಗೆ ಅನ್ನಿಸುವುದೂ ಇಲ್ಲ. ಹಸಿರು ಕಂಡಿದ್ದೆಲ್ಲ ಸರ್ಕಾರದ್ದು, ಇಲ್ಲಾಂದ್ರೆ ದೇವರದ್ದು ಅಂತ ಲೆಕ್ಕ.

ತೋಟದ ಯಜಮಾನರು ಬಂದು ಕೇಳಿದರೆ ಉತ್ತರ ಒಂದೇ: "ನಾವೇನು ಕದ್ದಿದೀವಾ? ಸುಮ್ನೆ ನೋಡೋಕೆ ಬಂದಿದ್ದು." ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಮೂರೂ ತಾಲೂಕಿನಲ್ಲಿ ಈಗ ಈ ಮಾತು ಕೇಳದ ತೋಟದವರು ಕಡಿಮೆ.

ಹಾಗಂತ ಇದನ್ನು ಬರೀ ಪ್ರವಾಸಿಗರ ತಲೆಗೆ ಕಟ್ಟಿ ಕೈ ತೊಳೆದುಕೊಂಡರೆ ಅರ್ಧ ಸುಳ್ಳು ಹೇಳಿದಂಗೆ. ನಮ್ಮೂರವರ ಪಾಲೂ ಇದರಲ್ಲಿ ಚೆನ್ನಾಗೇ ಇದೆ.

ಮಲೆನಾಡಿನಲ್ಲಿ ಒಬ್ಬರ ಜಮೀನಿನಲ್ಲಿ ಇನ್ನೊಬ್ಬರು ನಡೆಯೋದು ಯಾವತ್ತೂ ತಪ್ಪಾಗಿರಲಿಲ್ಲ. ಮನೆಗಳು ಒಂದೊಂದು ಗುಡ್ಡದ ಮೇಲೆ ಒಂಟಿ ಒಂಟಿ. ಶಾಲೆಗೆ, ಪೇಟೆಗೆ, ನೆಂಟರ ಮನೆಗೆ ಹೋಗಬೇಕಂದ್ರೆ ಯಾರದ್ದಾದರೂ ತೋಟ ದಾಟಲೇಬೇಕು. ಅದಕ್ಕೇ ಉಣುಗೋಲು, ತಡಬೆ ಇದ್ದಿದ್ದು. ಬೇಲಿ ದನಕ್ಕೆ, ದಾರಿ ಮನುಷ್ಯರಿಗೆ. ಆದರೆ ಅದಕ್ಕೂ ಲೆಕ್ಕಾಚಾರ ಇತ್ತು. ಗಳು ಸರಿಸಿದವನೇ ಮತ್ತೆ ಹಾಕಬೇಕು. ದಾರಿಯಲ್ಲಿ ಬಿದ್ದ ಹಣ್ಣು ತಿನ್ನಬಹುದು, ಚೀಲ ತುಂಬುವಂಗಿಲ್ಲ. ಅಂಗಳದಲ್ಲಿ ಒಣಗಿಸಿದ ಅಡಿಕೆ ತುಳಿಯುವಂಗಿಲ್ಲ. ಯಜಮಾನರು ಕಂಡರೆ ನಿಂತು ಎರಡು ಮಾತಾಡಿ ಹೋಗಬೇಕು. ನಾನೂ ಶಾಲೆಗೆ ಹೋಗುವಾಗ ಬೇರೆಯವರ ಪೇರಲೆ ಮರ ಹತ್ತಿದವನೇ, ಬೈಗುಳ ತಿಂದವನೇ. ಆದರೆ ಬೈದವರಿಗೆ ನಾನು ಯಾರ ಮನೆಯವನು ಅಂತ ಗೊತ್ತಿತ್ತು. ಸಂಜೆಯೊಳಗೆ ಸುದ್ದಿ ಮನೆಗೂ ಮುಟ್ಟುತ್ತಿತ್ತು.

ಈಗ ಬರುವವರ ಮನೆ ಯಾವುದು ಅಂತ ಗೊತ್ತಿಲ್ಲ, ಅವರಿಗೂ ನಮ್ಮದು ಬೇಡ. ಉಣುಗೋಲು ತೆರೆದೇ ಬಿಟ್ಟು ಹೋದರೆ ಬೀಡಾಡಿ ದನ ನುಗ್ಗಿ ಒಂದೇ ರಾತ್ರಿಯಲ್ಲಿ ಅಡಿಕೆ ಸಸಿ ಮುಗಿಸುತ್ತವೆ. ಇನ್ನು ಬಾಟಲಿ. ಕುಡಿದು ಗದ್ದೆಗೆ ಎಸೆದ ಗಾಜು ಮಳೆಗಾಲದಲ್ಲಿ ಕೆಸರಿನೊಳಗೆ ಕಾಣೋದಿಲ್ಲ. ನಾಟಿಗೆ ಇಳಿಯುವ ಹೆಂಗಸರು ಬರಿಗಾಲಲ್ಲಿ ಇರ್ತಾರೆ. ಕಾಲು ಸೀಳಿದರೆ ಆ ದಿನದ ಸಂಬಳವೂ ಹೋಯ್ತು, ಆಸ್ಪತ್ರೆ ಖರ್ಚು ಮೇಲೆ.

ಕಣ್ಣಿಗೆ ಕಾಣದ ನಷ್ಟವೂ ಇದೆ. ಕಾಳುಮೆಣಸಿನ ಸೊರಗು ರೋಗದ ಶಿಲೀಂಧ್ರ ಮಣ್ಣಿನಲ್ಲಿರುತ್ತೆ, ಒದ್ದೆ ಮಣ್ಣಿನ ಜೊತೆ ಬೂಟಿನಲ್ಲಿ, ಟೈರಿನಲ್ಲಿ ಒಂದು ತೋಟದಿಂದ ಇನ್ನೊಂದಕ್ಕೆ ಹೋಗುತ್ತೆ. ಹಳದಿ ಎಲೆ ರೋಗದಿಂದ ಅಡಿಕೆ ಕಳಕೊಂಡು, ಎಲೆಚುಕ್ಕಿಯಿಂದ ಉಳಿದದ್ದೂ ಸೊರಗಿ, ಮೆಣಸಾದರೂ ಕೈ ಹಿಡಿಯಲಿ ಅಂತ ಕೂತವರು ನಮ್ಮಲ್ಲಿ ಎಷ್ಟು ಜನ ಇದ್ದಾರೆ ಅಂತ ಓದುಗರಿಗೆ ಹೇಳಬೇಕಾಗಿಲ್ಲ. ಅಂಥವರು ಮಳೆಯಲ್ಲಿ ಅಪರಿಚಿತರ ಬೂಟುಗಾಲು ಕಂಡು ಸಿಟ್ಟಾದರೆ ಅದನ್ನು ಸಣ್ಣತನ ಅನ್ನೋದು ಹೇಗೆ?

ಕಾನೂನು ಏನು ಹೇಳುತ್ತೆ? ಇಲ್ಲಿ ತುಂಬಾ ಜನರಿಗೆ ತಪ್ಪು ತಿಳಿವಳಿಕೆ ಇದೆ. 2024ರ ಜುಲೈ 1ರಿಂದ ಹಳೆ ಐಪಿಸಿ ಬದಲಿಗೆ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಅದರ ಸೆಕ್ಷನ್ 329 ಅತಿಕ್ರಮ ಪ್ರವೇಶದ್ದು. ಶಿಕ್ಷೆ ಮೂರು ತಿಂಗಳವರೆಗೆ ಜೈಲು, ಅಥವಾ 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಹಳೆ ಕಾನೂನಿನಲ್ಲಿ ದಂಡ 500 ರೂಪಾಯಿ ಇತ್ತು. ಆದರೆ ಬೇಲಿ ದಾಟಿದ ಮಾತ್ರಕ್ಕೆ ಈ ಸೆಕ್ಷನ್ ಕೂರುವುದಿಲ್ಲ. ಅಪರಾಧ ಮಾಡುವ, ಇಲ್ಲವೇ ಜಮೀನಿನಲ್ಲಿ ಇರುವವರನ್ನು ಬೆದರಿಸುವ, ಅವಮಾನಿಸುವ, ಕಿರಿಕಿರಿ ಮಾಡುವ ಉದ್ದೇಶ ಇತ್ತು ಅಂತ ತೋರಿಸಬೇಕು. "ಗೊತ್ತಿರಲಿಲ್ಲ ಸ್ವಾಮಿ" ಅಂದರೆ ಕೇಸು ಅಲ್ಲಿಗೇ ಸಡಿಲ. ಅದಕ್ಕೇ ಕನ್ನಡದಲ್ಲೂ ಇಂಗ್ಲಿಷಿನಲ್ಲೂ "ಖಾಸಗಿ ಜಮೀನು, ಪ್ರವೇಶವಿಲ್ಲ" ಅನ್ನುವ ಬೋರ್ಡಿಗೆ ಬೆಲೆ ಇರೋದು. ಬೋರ್ಡ್ ಓದಿಯೂ ಒಳಗೆ ಬಂದವರು, ಹೋಗಿ ಅಂದ ಮೇಲೂ ನಿಂತು ಜಗಳಕ್ಕೆ ಬಿದ್ದವರು, ಆ ನೆಪ ಹೇಳೋಕೆ ಆಗಲ್ಲ. 112ಕ್ಕೆ ಫೋನ್ ಮಾಡುವ ಮುಂಚೆ ಗಾಡಿ ನಂಬರ್ ಸಮೇತ ಒಂದು ಫೋಟೊ ತೆಗೆದಿಟ್ಟುಕೊಳ್ಳಿ. ಕೈ ಮಾತ್ರ ಮಾಡಬೇಡಿ. ಕೈ ಮಾಡಿದ ಗಳಿಗೆಗೆ ಆರೋಪಿ ನೀವಾಗ್ತೀರಿ.

ಅದಕ್ಕಿಂತ ಗಂಭೀರವಾದದ್ದು ಕರೆಂಟ್ ಬೇಲಿ. ಹಂದಿಗೋ, ಕಳ್ಳರಿಗೋ ಅಂತ ಲೈನಿನಿಂದ ನೇರ ವಿದ್ಯುತ್ ಹಾಯಿಸುವುದು ಅಪರಾಧ. ಸೋಲಾರ್ ಬೇಲಿ ಬೇರೆ, ಅದು ಬಿಟ್ಟುಬಿಟ್ಟು ಹೊಡೆಯುವ ಝಟಕಾ. ಲೈನ್ ಕರೆಂಟ್ ಬಿಡೋದಿಲ್ಲ. ಅದಕ್ಕೆ ಸಿಕ್ಕಿ ಯಾರಾದರೂ ಸತ್ತರೆ "ನನ್ನ ಜಮೀನು, ಅವನ್ಯಾಕೆ ಬಂದ" ಅನ್ನೋ ವಾದ ನಡೆಯಲ್ಲ. ನಿರ್ಲಕ್ಷ್ಯದ ಸಾವು ಅಂದರೂ ಐದು ವರ್ಷದವರೆಗೆ ಶಿಕ್ಷೆ ಇದೆ, ಅದಕ್ಕಿಂತ ದೊಡ್ಡ ಸೆಕ್ಷನ್ನೂ ಬೀಳಬಹುದು. ಮೊದಲು ಸಿಕ್ಕಿಬೀಳುವುದು ಕಳ್ಳ ಅಲ್ಲ, ಬೆಳಿಗ್ಗೆ ಎದ್ದು ದನ ಹುಡುಕೋಕೆ ಹೊರಟ ಪಕ್ಕದ ಮನೆಯವರು.

ಈಗ ನಮ್ಮವರ ಪಾಲಿಗೆ ಬರೋಣ. ಕಳೆದ ಕೆಲವು ವರ್ಷಗಳಲ್ಲಿ ದೊಡ್ಡ ದೊಡ್ಡ ತೋಟಗಳು ಹೊರಗಿನವರ ಕೈಗೆ ಹೋಗ್ತಿವೆ. ಕೃಷಿಕರಲ್ಲದವರು ಕೃಷಿ ಜಮೀನು ಕೊಳ್ಳೋಕೆ ಅಡ್ಡವಾಗಿದ್ದ ಭೂ ಸುಧಾರಣಾ ಕಾಯ್ದೆಯ 79ಎ, 79ಬಿ ಸೆಕ್ಷನ್‌ಗಳು 2020ರ ತಿದ್ದುಪಡಿಯಲ್ಲಿ ಹೋದವು. ಕೊಂಡವರು ಮೊದಲು ಮಾಡುವ ಕೆಲಸ ಗೇಟ್ ಹಾಕಿ ಬೀಗ ಜಡಿಯೋದು. ಅವರ ದೃಷ್ಟಿಯಲ್ಲಿ ಅದು ಸರಿಯೇ, ದುಡ್ಡು ಕೊಟ್ಟು ತಗೊಂಡಿದ್ದಾರೆ. ಆದರೆ ಆ ತೋಟದ ನಡುವೆ ಅಜ್ಜನ ಕಾಲದಿಂದ ಒಂದು ಕಾಲುದಾರಿ ಇರುತ್ತೆ, ಅದರ ಆಚೆ ಹತ್ತು ಮನೆಯ ಕಾಲೊನಿ ಇರುತ್ತೆ. ನಿನ್ನೆವರೆಗೆ ದಾರಿಹೋಕ ಆಗಿದ್ದವನು ಇವತ್ತು ಅತಿಕ್ರಮಣಕಾರ. ಅವನ ಮಗು ಶಾಲೆಗೆ ಎರಡು ಮೈಲಿ ಸುತ್ತಿ ಹೋಗಬೇಕು.

ಗೇಟ್ ಹಾಕುವುದರಲ್ಲಿ ಹೊರಗಿನವರಷ್ಟೇ ಇದ್ದಾರೆ ಅಂದರೆ ಅದೂ ಸುಳ್ಳು. ಕಾಲುದಾರಿಯನ್ನು ಅಗಳು ತೋಡಿ ತೋಟಕ್ಕೆ ಸೇರಿಸಿಕೊಂಡವರು, ಬಂಡಿದಾರಿ ಮೇಲೆ ಕಾಫಿ ಗಿಡ ಇಟ್ಟವರು, ಸೊಪ್ಪಿನಬೆಟ್ಟದಲ್ಲಿ ವರ್ಷಕ್ಕೆ ಒಂದೊಂದು ಸಾಲು ಮುಂದೆ ಹೋದವರು ನಮ್ಮ ಮಧ್ಯೆಯೇ ಇದ್ದಾರೆ. ಅಂಥವರು "ನಮ್ಮ ಜಾಗಕ್ಕೆ ಕಾಲಿಟ್ಟರು" ಅಂತ ಠಾಣೆಗೆ ಹೋದಾಗ ಎದುರಿನವರು ಗ್ರಾಮ ನಕಾಶೆ ಬಿಚ್ಚಿದರೆ ಮುಖ ಎಲ್ಲಿಡೋದು?

ನಕಾಶೆ ಅಂದ ಮೇಲೆ ಒಂದು ಉಪಯೋಗದ ಮಾತು. ಕಂದಾಯ ಇಲಾಖೆಯ ಗ್ರಾಮ ನಕಾಶೆಯಲ್ಲಿ ಒಂದು ಸಾಲು ಚುಕ್ಕಿಗೆರೆ ಇದ್ದರೆ ಕಾಲುದಾರಿ, ಜೋಡಿ ಚುಕ್ಕಿಗೆರೆ ಇದ್ದರೆ ಬಂಡಿದಾರಿ. ಅದನ್ನು ಯಾರೂ ಮುಚ್ಚುವಂಗಿಲ್ಲ, ಪಹಣಿ ಯಾರ ಹೆಸರಲ್ಲೇ ಇರಲಿ. ನಕಾಶೆಯಲ್ಲಿ ಇಲ್ಲದಿದ್ದರೂ, ಖಾಸಗಿ ಜಮೀನಿನ ಮೇಲೆ 20 ವರ್ಷ ಬಹಿರಂಗವಾಗಿ, ಹಕ್ಕೆಂದು, ಅಡೆತಡೆ ಇಲ್ಲದೆ ಓಡಾಡಿದ್ದರೆ 1882ರ ಈಸ್‌ಮೆಂಟ್ ಕಾಯ್ದೆಯಲ್ಲಿ ದಾರಿ ಹಕ್ಕು ಕೇಳಬಹುದು. ಸರ್ಕಾರಿ ಜಾಗವಾದರೆ 30 ವರ್ಷ. ಆದರೆ "ಹಕ್ಕೆಂದು" ಅನ್ನೋ ಪದ ಗಮನಿಸಿ. ಯಜಮಾನರ ಒಪ್ಪಿಗೆ ಮೇಲೆ ನಡೆದಿದ್ದರೆ ಅದು ಹಕ್ಕಾಗೋದಿಲ್ಲ. ಹಳಬರು ಸಲಿಗೆಯಿಂದ ಬಿಟ್ಟ ದಾರಿಯೋ, ಹಕ್ಕಿನ ದಾರಿಯೋ ಅನ್ನುವಲ್ಲೇ ಕೋರ್ಟಿನಲ್ಲಿ ವರ್ಷಗಟ್ಟಲೆ ಎಳೆದಾಟ. ದಾರಿ ಅಥವಾ ನೀರಿನ ಜಗಳದಲ್ಲಿ ಶಾಂತಿಭಂಗದ ಭಯ ಇದ್ದರೆ ತಹಸೀಲ್ದಾರರು ತಾಲೂಕು ದಂಡಾಧಿಕಾರಿಯಾಗಿ ಮಧ್ಯೆ ಬರಬಹುದು. ಹಳೆ ಸಿಆರ್‌ಪಿಸಿ 147, ಈಗ ನಾಗರಿಕ ಸುರಕ್ಷಾ ಸಂಹಿತೆಯ 166. ವಕೀಲರ ಮನೆ ಹತ್ತುವ ಮೊದಲು ಇದನ್ನು ನೋಡಬಹುದು.

ಗಡಿಯ ಬಗ್ಗೆಯೇ ಅನುಮಾನ ಇದ್ದರೆ ಹದ್ದುಬಸ್ತಿಗೆ ಅರ್ಜಿ ಹಾಕಿ ಅಳತೆ ಮಾಡಿಸಿ. ಮೊಬೈಲಿನ ದಿಶಾಂಕ್ ಆ್ಯಪ್ ನಿಂತ ಜಾಗದ ಸರ್ವೆ ನಂಬರ್ ತೋರಿಸುತ್ತೆ ನಿಜ, ಆದರೆ ನಮ್ಮ ಗುಡ್ಡದ ಮರದಡಿ ಅದರ ಗೆರೆ ನಂಬಿ ಬೇಲಿ ಕಿತ್ತು ಹಾಕಬೇಡಿ. ಕಲ್ಲು ನೆಡೋಕೆ ಸರ್ವೆಯವರೇ ಬರಬೇಕು.

ಅಂಗಡಿಯವರಿಗೆ ಇದರಲ್ಲಿ ಏನು? ಎರಡು ವಿಷಯ ಇದೆ. ಪ್ರವಾಸಿಗರು ಬಂದರೆ ಪೇಟೆಗೆ ವ್ಯಾಪಾರ, ಅದನ್ನು ಯಾರೂ ಬೇಡ ಅನ್ನೋದಿಲ್ಲ. ಚಾ ಕುಡಿಯೋಕೆ ನಿಂತವರು "ಇಲ್ಲಿ ಹತ್ತಿರ ನೀರಿರೋ ಜಾಗ ಯಾವುದು" ಅಂತ ಕೇಳಿದಾಗ ಸಿರಿಮನೆ ಜಲಪಾತ ತೋರಿಸಿ, ಯಾರದೋ ತೋಟದೊಳಗಿನ ಹಳ್ಳ ತೋರಿಸಬೇಡಿ. ಹೋಂಸ್ಟೇಯವರಿಗೂ ಇದೇ ಮಾತು. ಅತಿಥಿಗಳಿಗೆ ತಮ್ಮ ಗಡಿ ಎಲ್ಲಿ ಮುಗಿಯುತ್ತೆ ಅಂತ ಮೊದಲ ದಿನವೇ ತೋರಿಸಿದರೆ ಪಕ್ಕದ ತೋಟದವರ ಜೊತೆ ಅರ್ಧ ಜಗಳ ಇರಲ್ಲ. ಯಾರ ಜಮೀನಿನಲ್ಲಾದರೂ ತಿರುಗುವ ಹಕ್ಕು ಎಲ್ಲರಿಗೂ ಇರುವ ಸ್ವೀಡನ್‌ನಲ್ಲೂ ಬೆಳೆ ಇರುವ ಹೊಲಕ್ಕೆ, ಮನೆಯಂಗಳಕ್ಕೆ ಆ ಹಕ್ಕು ಇಲ್ಲ.

ಎರಡನೆಯದು ಚಿಲ್ಲರೆ ಖರೀದಿ. ತೋಟಕ್ಕೆ ನುಗ್ಗಿದವರಲ್ಲಿ ಕೆಲವರು ನೋಡೋಕೆ ಬಂದವರಲ್ಲ. ರಾತ್ರಿ ನಾಲ್ಕು ಕೊನೆ ಇಳಿಸಿ, ಅಂಗಳದಿಂದ ಒಂದು ಚೀಲ ಎತ್ತಿ, ಬೆಳಿಗ್ಗೆ ಮಾರುವವರು. ಮ್ಯಾಮ್‌ಕೋಸ್‌ಗೆ ಅಡಿಕೆ ಹಾಕುವವರು ಸದಸ್ಯರು, ಹೆಸರು ಲೆಕ್ಕ ಇರುತ್ತೆ. ಕದ್ದ ಮಾಲು ಹೆಸರು ಕೇಳದ ಕಡೆಗೇ ಹುಡುಕಿಕೊಂಡು ಹೋಗುತ್ತೆ. ಹೊಸ ಕಾನೂನಿನಲ್ಲಿ ಇನ್ನೊಂದು ತೊಡಕಿದೆ. ಮೊದಲ ಸಲದ ಕಳ್ಳತನ, ಮಾಲಿನ ಬೆಲೆ 5,000 ರೂಪಾಯಿಗಿಂತ ಕಡಿಮೆ, ಅದನ್ನು ವಾಪಸ್ ಕೊಟ್ಟಿದ್ದಾನೆ ಅಂದರೆ ಶಿಕ್ಷೆ ಸಮುದಾಯ ಸೇವೆ ಮಾತ್ರ. ಅಷ್ಟು ಸಣ್ಣ ಕಳ್ಳತನಕ್ಕೆ ಪೊಲೀಸರು ನೇರ ತನಿಖೆಗೆ ಇಳಿಯೋಕೂ ಆಗಲ್ಲ, ಮ್ಯಾಜಿಸ್ಟ್ರೇಟ್ ಅನುಮತಿ ಬೇಕು. ಅಡಿಕೆ ಕ್ವಿಂಟಲ್‌ಗೆ 50 ಸಾವಿರ ಹಿಡಿದರೆ ಹತ್ತು ಕೆಜಿ ಹತ್ತಿರ, ಮೆಣಸು ಕೆಜಿಗೆ 600 ಹಿಡಿದರೆ ಎಂಟು ಕೆಜಿ ಚಿಲ್ಲರೆ. ಇಷ್ಟಿಷ್ಟೇ ಕದ್ದರೆ ಕೇಸು ಹಗುರ ಅಂತ ಕಳ್ಳರಿಗೆ ಅರ್ಥವಾಗೋಕೆ ಬಹಳ ದಿನ ಬೇಕಿಲ್ಲ.

ಆದರೆ ಕೊಂಡವನಿಗೆ ಆ ರಿಯಾಯಿತಿ ಇಲ್ಲ. ಕದ್ದದ್ದು ಅಂತ ಗೊತ್ತಿದ್ದೂ, ಅಥವಾ ಹಾಗೆ ನಂಬಲು ಕಾರಣ ಇದ್ದೂ ಕೊಂಡರೆ ಸೆಕ್ಷನ್ 317ರಲ್ಲಿ ಮೂರು ವರ್ಷದವರೆಗೆ ಶಿಕ್ಷೆ. ತೋಟವೇ ಇಲ್ಲದ ಹುಡುಗ ವಾರಕ್ಕೆರಡು ಸಲ ಐದೈದು ಕೆಜಿ ಹಸಿ ಮೆಣಸು ತಂದರೆ ಅದು ಹಾಗೆ ನಂಬಲು ಕಾರಣ ಅಲ್ಲವೇ ಅಂತ ನಾಳೆ ವಕೀಲರು ಕೇಳ್ತಾರೆ. ಒಂದು ನೋಟ್‌ಬುಕ್ ಇಟ್ಟು ಹೆಸರು, ಊರು, ಫೋನ್ ನಂಬರ್, ತೂಕ ಬರೆದುಕೊಂಡರೆ ಸಾಕು. ಬರೆಸೋದಿಲ್ಲ ಅಂದವರ ಚೀಲ ತಕ್ಕಡಿಗೆ ಏರಿಸಬೇಡಿ. ಅಡಿಕೆ ಕೊಯ್ಲು ಮುಗಿದು ಮೆಣಸು ಕೊಯ್ಯುವವರೆಗೆ, ಅಂಗಳದಲ್ಲಿ ಮಾಲು ಹರಡಿರುವ ಅಷ್ಟೂ ತಿಂಗಳು, ಆ ನೋಟ್‌ಬುಕ್ ಗಲ್ಲಾಪೆಟ್ಟಿಗೆ ಪಕ್ಕದಲ್ಲೇ ಇರಲಿ.