ಹಾರ್ಮೋನಿನ ಭಯ ಮತ್ತು ನಮ್ಮ ತಾಯಂದಿರು

ಜನಸಂಖ್ಯೆಯ ಪ್ರಶ್ನೆ ಈ ದೇಶದಲ್ಲಿ ಚರ್ಚೆಗೆ ಬಂದಾಗಲೆಲ್ಲ ಮುಸ್ಲಿಮರತ್ತ ಬೆರಳು ತೋರಿಸುವುದು ಒಂದು ರೂಢಿಯಾಗಿಬಿಟ್ಟಿದೆ. 1992-93ರ ಮೊದಲ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಓರ್ವ ಮುಸ್ಲಿಮ್ ಮಹಿಳೆಗೆ ಸರಾಸರಿ 4.4 ಮಕ್ಕಳೆಂಬ ಲೆಕ್ಕವಿತ್ತು. 2019-21ರ ಐದನೇ ಸಮೀಕ್ಷೆಯ ವೇಳೆಗೆ ಅದು 2.4ಕ್ಕೆ ಇಳಿದಿದೆ. ವೇದಿಕೆಗಳಲ್ಲಿ ಗುಡುಗುವವರು ಈ ಅಂಕಿಯನ್ನು ಉದ್ಧರಿಸುವುದಿಲ್ಲ. ಅವರಿಗೆ ಉತ್ತರ ಕೊಡುವ ಕೆಲಸ ನಡೆಯುತ್ತಲೇ ಇರಲಿ. ಆದರೆ ಆ ವಾದ-ಪ್ರತಿವಾದಗಳ ಗದ್ದಲದಲ್ಲಿ ನಾವು ನಮ್ಮ ಮನೆಯೊಳಗೆ ಕೇಳಿಕೊಳ್ಳಬೇಕಾದ ಒಂದು ಪ್ರಶ್ನೆ ಹಾಗೆಯೇ ಉಳಿದುಹೋಗಿದೆ. ಮಕ್ಕಳ ನಡುವೆ ಅಂತರವಿರಲಿ ಎಂದು ಬಯಸುವ ತಾಯಿಗೆ, ಯಾವ ವಿಧಾನ ಆಕೆಯ ದೇಹಕ್ಕೆ ಹೊಂದುತ್ತದೆ ಎಂದು ತಿಳಿಸಿ ಹೇಳಿದವರಾರು?

ಹೆಚ್ಚಿನ ಮನೆಗಳಲ್ಲಿ ಯಾರೂ ಹೇಳಿರುವುದಿಲ್ಲ. ಗುಳಿಗೆ ನುಂಗಿದರೆ ಮೈ ಊದುತ್ತದೆ, ಮುಂದೆ ಮಕ್ಕಳೇ ಆಗುವುದಿಲ್ಲ ಎಂದು ನೆರೆಮನೆಯವರು ಹೇಳುತ್ತಾರೆ. ಓದಿದ ಹೆಣ್ಣುಮಕ್ಕಳಿಗೆ ಅದೇ ಮಾತು ಮೊಬೈಲಿನ ಮೂಲಕ, ‘ಹಾರ್ಮೋನ್ ಎಂದರೆ ವಿಷ’ ಎಂಬ ಹೊಸ ವೇಷದಲ್ಲಿ ಬಂದು ತಲುಪುತ್ತದೆ. ಪರಿಣಾಮವಾಗಿ ದಂಪತಿಗಳು ಏನನ್ನೂ ಬಳಸುವುದಿಲ್ಲ. ಗಾಬರಿಯಾದ ದಿನ ಪತಿ ಔಷಧಿ ಅಂಗಡಿಗೆ ಹೋಗಿ, ಚೀಟಿಯಿಲ್ಲದೆ ಸಿಗುವ ತುರ್ತು ಗುಳಿಗೆಯನ್ನು ತರುತ್ತಾನೆ. ವಿಪರ್ಯಾಸವೆಂದರೆ, ಆ ತುರ್ತು ಗುಳಿಗೆಯೂ ಹಾರ್ಮೋನೇ. ಅದರಲ್ಲಿರುವುದು 1.5 ಮಿಲಿಗ್ರಾಂ ಲೆವೊನಾರ್ಜೆಸ್ಟ್ರೆಲ್. ಸರಕಾರಿ ಆಸ್ಪತ್ರೆಯಲ್ಲಿ ಉಚಿತವಾಗಿ ಕೊಡುವ ‘ಮಾಲಾ-ಎನ್’ನ ಒಂದು ಗುಳಿಗೆಯಲ್ಲಿ ಅದೇ ಹಾರ್ಮೋನು ಇರುವುದು 0.15 ಮಿಲಿಗ್ರಾಂ. ನಿತ್ಯದ ಗುಳಿಗೆಗೆ ಹೆದರಿದವರು ಅದರ ಹತ್ತು ಪಟ್ಟನ್ನು ಒಂದೇ ಬಾರಿಗೆ ನುಂಗಿಸುತ್ತಿದ್ದಾರೆ! ಒಮ್ಮೆ ಅನಿವಾರ್ಯವಾಗಿ ಸೇವಿಸಿದರೆ ಅದರಿಂದ ಅಪಾಯವಿಲ್ಲ. ಆದರೆ ತಿಂಗಳಿಗೆ ಎರಡು-ಮೂರು ಸಲ ಸೇವಿಸಿದರೆ ಮುಟ್ಟಿನ ಕ್ರಮ ತಪ್ಪುತ್ತದೆ, ಗರ್ಭ ನಿಲ್ಲದೆಂಬ ಭರವಸೆಯೂ ನಿತ್ಯದ ವಿಧಾನಗಳಷ್ಟು ಇರುವುದಿಲ್ಲ.

ಹಾಗಾದರೆ ಹಾರ್ಮೋನಿನ ಬಗೆಗಿನ ಭಯವೆಲ್ಲ ಸುಳ್ಳೇ? ಹಾಗೆಂದು ನಾವು ಹೇಳುವುದಿಲ್ಲ. ಮಾಲಾ-ಎನ್ ಪೊಟ್ಟಣದ 28 ಗುಳಿಗೆಗಳಲ್ಲಿ 21 ಹಾರ್ಮೋನಿನವು, ಉಳಿದ 7 ಕಬ್ಬಿಣಾಂಶದವು. ಅಂಡ ಬಿಡುಗಡೆಯಾಗದಂತೆ ತಡೆಯುವುದು ಹಾರ್ಮೋನಿನ ಕೆಲಸ. ಅದರಲ್ಲಿರುವ ಈಸ್ಟ್ರೊಜೆನ್ ರಕ್ತ ಹೆಪ್ಪುಗಟ್ಟುವ ಸಾಧ್ಯತೆಯನ್ನು ಸ್ವಲ್ಪ ಹೆಚ್ಚಿಸುತ್ತದೆ ಎಂಬುದು ನಿಜ. ಗುಳಿಗೆ ಸೇವಿಸದ ಹತ್ತು ಸಾವಿರ ಮಹಿಳೆಯರಲ್ಲಿ ವರ್ಷಕ್ಕೆ ಸುಮಾರು ಇಬ್ಬರಿಗೆ ಬರುವ ಈ ತೊಂದರೆ, ಇಂತಹ ಗುಳಿಗೆ ಸೇವಿಸುವವರಲ್ಲಿ ಐದರಿಂದ ಏಳು ಮಂದಿಗೆ ಬರುತ್ತದೆ. ಗರ್ಭಿಣಿಯರಲ್ಲಿ ಮತ್ತು ಬಾಣಂತಿಯರಲ್ಲಿ ಈ ಅಪಾಯ ಅದಕ್ಕಿಂತಲೂ ಹೆಚ್ಚು. ರಕ್ತದೊತ್ತಡವಿರುವವರು, ಕಣ್ಣಿಗೆ ಮಿಂಚು ಹೊಡೆದಂತಾಗಿ ಅರೆತಲೆನೋವು ಬರುವವರು, ಆರು ತಿಂಗಳೊಳಗಿನ ಮಗುವಿಗೆ ಹಾಲೂಡಿಸುತ್ತಿರುವವರು ಈ ಗುಳಿಗೆಯನ್ನು ಸೇವಿಸಬಾರದು. ಇದನ್ನು ಕೇಳಿ ತಿಳಿದುಕೊಳ್ಳದೆ ಗುಳಿಗೆ ಕೊಡುವುದು ತಪ್ಪು. ಇವಾವುದೂ ಇಲ್ಲದ ಆರೋಗ್ಯವಂತ ಮಹಿಳೆಯನ್ನು ಸುಮ್ಮನೆ ಹೆದರಿಸುವುದೂ ತಪ್ಪು. ಗುಳಿಗೆ ನಿಲ್ಲಿಸಿದರೆ ಗರ್ಭಧಾರಣೆಯ ಸಾಮರ್ಥ್ಯ ಶೀಘ್ರವೇ ಮರಳುತ್ತದೆ.

ಹಾರ್ಮೋನು ಬೇಡವೆಂದವರಿಗೆ ಮೊದಲು ಸೂಚಿಸುವುದು ಕಾಪರ್-ಟಿ, ನಮ್ಮ ಆಡುಮಾತಿನ ವಂಕಿ. ತಾಮ್ರವು ವೀರ್ಯಾಣುಗಳನ್ನು ನಿಷ್ಕ್ರಿಯಗೊಳಿಸುತ್ತದೆ. ರಕ್ತಕ್ಕೆ ಯಾವ ಹಾರ್ಮೋನೂ ಸೇರುವುದಿಲ್ಲ. 380-ಎ ಎಂಬ ಮಾದರಿ ಹತ್ತು ವರ್ಷ ಬರುತ್ತದೆ. ಅದನ್ನು ಧರಿಸಿದ ನೂರು ಮಂದಿಯಲ್ಲಿ ಮೊದಲ ವರ್ಷ ಒಬ್ಬರೂ ಗರ್ಭಿಣಿಯಾಗುವುದು ಅಪರೂಪ. ಆದ್ದರಿಂದ ಇದೇ ಅತ್ಯುತ್ತಮವೆಂದು ಅನೇಕರು ತೀರ್ಮಾನಿಸುತ್ತಾರೆ. ನಾವು ಸ್ವಲ್ಪ ತಡೆದು ಯೋಚಿಸಬೇಕಾದುದು ಇಲ್ಲಿಯೇ. ಕಾಪರ್-ಟಿ ಅಳವಡಿಸಿದ ಆರಂಭದ ತಿಂಗಳುಗಳಲ್ಲಿ ಮುಟ್ಟಿನ ಸ್ರಾವ ಹೆಚ್ಚುತ್ತದೆ, ದಿನಗಳೂ ಹೆಚ್ಚುತ್ತವೆ. ಐದನೇ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 15ರಿಂದ 49ರ ಪ್ರಾಯದ ಮಹಿಳೆಯರಲ್ಲಿ ಶೇಕಡಾ 57 ಮಂದಿ ರಕ್ತಹೀನತೆಯಿಂದ ಬಳಲುತ್ತಿದ್ದಾರೆ. ಮನೆಮಂದಿಯೆಲ್ಲ ಉಂಡ ನಂತರ ಉಳಿದುದನ್ನು ಉಣ್ಣುವ ಸೊಸೆಯ ರಕ್ತಪರೀಕ್ಷೆ ಮಾಡದೆ, ಹಾರ್ಮೋನ್ ಇಲ್ಲವೆಂಬ ಒಂದೇ ಕಾರಣಕ್ಕೆ ಆಕೆಗೆ ವಂಕಿ ಹಾಕಿಸಿದರೆ, ಇದ್ದ ರಕ್ತವೂ ಹೋಗುತ್ತದೆ. ಅಂಥವಳಿಗೆ ಸ್ರಾವವನ್ನು ಕಡಿಮೆ ಮಾಡುವ ಹಾರ್ಮೋನಿನ ವಿಧಾನವೇ ಹಿತವಾದೀತು. ಹಾರ್ಮೋನ್ ರಹಿತವಾದುದೆಲ್ಲ ನಿರಪಾಯಕಾರಿ ಎಂಬ ಗ್ರಹಿಕೆ ಇಂತಹ ಕಡೆ ಹೊಂದುವುದಿಲ್ಲ.

2017ರಲ್ಲಿ ಸರಕಾರವು ‘ಅಂತರಾ’ ಎಂಬ ಚುಚ್ಚುಮದ್ದು ಮತ್ತು ‘ಛಾಯಾ’ ಎಂಬ ಗುಳಿಗೆಯನ್ನು ತನ್ನ ಕಾರ್ಯಕ್ರಮಕ್ಕೆ ಸೇರಿಸಿತು. ಅಂತರಾ ಮೂರು ತಿಂಗಳಿಗೊಮ್ಮೆ ಚುಚ್ಚುವ ಹಾರ್ಮೋನು. ಹೆರಿಗೆಯಾಗಿ ಆರು ವಾರ ಕಳೆದ, ಹಾಲೂಡಿಸುವ ತಾಯಿಯೂ ಪಡೆಯಬಹುದು. ಆದರೆ ನಿಲ್ಲಿಸಿದ ಮೇಲೆ ಗರ್ಭ ನಿಲ್ಲಲು ಕೊನೆಯ ಚುಚ್ಚುಮದ್ದಿನಿಂದ ಸಾಮಾನ್ಯವಾಗಿ 7ರಿಂದ 10 ತಿಂಗಳು ಹಿಡಿಯುತ್ತದೆ. ಮೊದಲೇ ಇದನ್ನು ತಿಳಿಸದಿದ್ದರೆ ಆಕೆ ‘ಬಂಜೆಯಾದಳು’ ಎಂಬ ಮಾತು ಮನೆಯಲ್ಲಿ ಏಳುತ್ತದೆ. ಅದರಿಂದ ಎಂತೆಂತಹ ಅನಾಹುತಗಳಾದಾವೆಂದು ನಮ್ಮ ಓದುಗರಿಗೆ ವಿವರಿಸಬೇಕಾಗಿಲ್ಲ. ಬಳಸುವ ಅವಧಿಯಲ್ಲಿ ಮೂಳೆಯ ಸಾಂದ್ರತೆ ಸ್ವಲ್ಪ ಕುಗ್ಗುವುದೂ ಉಂಟು. ನಿಲ್ಲಿಸಿದ ಮೇಲೆ ಅದು ಬಹುಮಟ್ಟಿಗೆ ಮರಳುತ್ತದೆ. ಆರಂಭದಲ್ಲಿ ಹೊತ್ತುಗೊತ್ತಿಲ್ಲದೆ ರಕ್ತ ಕಾಣಿಸಿಕೊಳ್ಳುತ್ತದೆ, ಬರಬರುತ್ತಾ ಅನೇಕರಿಗೆ ಮುಟ್ಟೇ ನಿಲ್ಲುತ್ತದೆ. ನಮಾಝ್, ಉಪವಾಸಗಳ ವಿಷಯದಲ್ಲಿ ಮಹಿಳೆಯರು ಗೊಂದಲಕ್ಕೊಳಗಾಗುವುದು ಈ ಹಂತದಲ್ಲಿ. ಮುಟ್ಟಿನ ಸ್ರಾವಕ್ಕೂ ಇಸ್ತಿಹಾಝಕ್ಕೂ ವ್ಯತ್ಯಾಸವಿದೆ, ಎರಡನೆಯದರಲ್ಲಿ ನಮಾಝ್ ಬಿಡುವಂತಿಲ್ಲ ಎಂಬುದನ್ನು ಬಲ್ಲವರಲ್ಲಿ ಕೇಳಿ ತಿಳಿದುಕೊಂಡರೆ ಅನಗತ್ಯ ಸಂಕಟ ತಪ್ಪುತ್ತದೆ.

ಛಾಯಾದ ಕತೆ ಬೇರೆ. ಲಕ್ನೋದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆಯಲ್ಲಿ ರೂಪುಗೊಂಡು, 1991ರಲ್ಲಿ ‘ಸಹೇಲಿ’ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂದ ಔಷಧಿಯೇ ಇದು. ಇದರಲ್ಲಿ ಸ್ಟೀರಾಯ್ಡ್ ಹಾರ್ಮೋನ್ ಇಲ್ಲ. ಮೊದಲ ಮೂರು ತಿಂಗಳು ವಾರಕ್ಕೆ ಎರಡು, ಆಮೇಲೆ ವಾರಕ್ಕೆ ಒಂದು. ಹಾಲೂಡಿಸುವ ತಾಯಿಗೂ ಸಲ್ಲುತ್ತದೆ. ಕೆಲವರಿಗೆ ಮುಟ್ಟು ತಡವಾಗುತ್ತದೆ. ಅಂಡಾಶಯದಲ್ಲಿ ಗುಳ್ಳೆಗಳಿರುವವರಿಗೆ ಮಾತ್ರ ಇದು ಹೇಳಿದ್ದಲ್ಲ.

ರಮಝಾನ್ ಬಂತೆಂದರೆ, ಹಜ್ಜ್ ಹೊರಟರೆ, ಮುಟ್ಟು ಮುಂದೂಡಲು ನಮ್ಮ ಮಹಿಳೆಯರು ನುಂಗುವ ನೊರೆಥಿಸ್ಟೆರಾನ್ ಗುಳಿಗೆಯ ಬಗ್ಗೆಯೂ ಒಂದು ಮಾತು. ಅದೂ ಹಾರ್ಮೋನು. ಹಾಗೆ ಸೇವಿಸಿದ ದಿನಗಳಲ್ಲಿ ಗರ್ಭ ನಿಲ್ಲದೆಂದು ಅದನ್ನು ನಂಬಿ ಕೂರುವಂತಿಲ್ಲ. ರಕ್ತ ಹೆಪ್ಪುಗಟ್ಟಿದ ಇತಿಹಾಸವಿರುವವರು ವೈದ್ಯರನ್ನು ಕೇಳದೆ ಮುಟ್ಟಬಾರದು. ಮಕ್ಕಳ ಅಂತರಕ್ಕಾಗಿ ಹಾರ್ಮೋನ್ ಬೇಡವೆನ್ನುವ ಮನೆಯಲ್ಲಿಯೇ ಈ ಗುಳಿಗೆಗೆ ಯಾರ ಆಕ್ಷೇಪವೂ ಇರುವುದಿಲ್ಲ.

ಇಷ್ಟೆಲ್ಲ ಹೋಲಿಸುವಾಗಲೂ ಎಲ್ಲ ಭಾರ ಹೆಣ್ಣಿನ ಮೇಲೆಯೇ ಬೀಳುತ್ತಿದೆ. ಐದನೇ ಸಮೀಕ್ಷೆಯಲ್ಲಿ ದೇಶದ ವಿವಾಹಿತ ಮಹಿಳೆಯರಲ್ಲಿ ಶೇಕಡಾ 37.9 ಮಂದಿ ಸಂತಾನಹರಣ ಶಸ್ತ್ರಚಿಕಿತ್ಸೆಗೆ ಒಳಗಾಗಿದ್ದರು. ಪುರುಷರ ಶಸ್ತ್ರಚಿಕಿತ್ಸೆಯ ಪಾಲು ಶೇಕಡಾ 0.3. ವೈದ್ಯಕೀಯ ಅನಿವಾರ್ಯತೆಯಿಲ್ಲದ ಶಾಶ್ವತ ಸಂತಾನಹರಣವನ್ನು ಬಹುತೇಕ ಉಲಮಾಗಳು ಒಪ್ಪುವುದಿಲ್ಲ. ಹಾಗಿರುವಾಗ ತಾತ್ಕಾಲಿಕ ವಿಧಾನಗಳ ತಿಳುವಳಿಕೆ ಇತರರಿಗಿಂತ ನಮಗೇ ಹೆಚ್ಚು ಇರಬೇಕಿತ್ತು. ಪ್ರವಾದಿವರ್ಯರ(ಸ) ಕಾಲದಲ್ಲಿ ಸಹಾಬಿಗಳು ಅಝ್‌ಲ್ ಪಾಲಿಸುತ್ತಿದ್ದ ವಿಚಾರ ಹದೀಸ್‌ಗಳಲ್ಲಿದೆ. ಅದಕ್ಕೆ ಪತ್ನಿಯ ಸಮ್ಮತಿ ಬೇಕೆಂದು ಕರ್ಮಶಾಸ್ತ್ರ ವಿದ್ವಾಂಸರಲ್ಲಿ ಹೆಚ್ಚಿನವರು ಹೇಳಿದ್ದಾರೆ. ಇಂದು ಅಝ್‌ಲನ್ನೇ ನಂಬಿದ ನೂರು ದಂಪತಿಗಳಲ್ಲಿ ವರ್ಷದೊಳಗೆ ಸುಮಾರು 20 ಮಂದಿಗೆ ಗರ್ಭ ನಿಲ್ಲುತ್ತದೆ. ನಿರೋಧ್ ಬಳಸುವವರಲ್ಲಿ 13, ನಿತ್ಯದ ಗುಳಿಗೆಯಲ್ಲಿ 7, ಚುಚ್ಚುಮದ್ದಿನಲ್ಲಿ 4. ಪ್ರತಿ ಸಲವೂ ತಪ್ಪದೆ ಸರಿಯಾಗಿ ಬಳಸಿದರೆ ನಿರೋಧ್‌ನ ವೈಫಲ್ಯ ಎರಡಕ್ಕಿಳಿಯುತ್ತದೆ. ಹಾರ್ಮೋನಿಲ್ಲ, ರಕ್ತಸ್ರಾವವಿಲ್ಲ, ಪತ್ನಿಯ ದೇಹಕ್ಕೆ ಬಾಧೆಯಿಲ್ಲ. ಬೇಕಾದುದು ಪತಿಯ ಶಿಸ್ತು ಮಾತ್ರ. ಬಹುಶಃ ಅದೇ ಅದರ ಬಗೆಗಿನ ಆಕ್ಷೇಪಕ್ಕೆ ಕಾರಣವಿರಬೇಕು.

ಮಗುವಿಗೆ ಎರಡು ವರ್ಷ ಹಾಲೂಡಿಸುವ ಬಗ್ಗೆ ಹೇಳುವ ಅಲ್‌ಬಕರ ಅಧ್ಯಾಯದ 233ನೇ ಸೂಕ್ತವು, ಅದಕ್ಕೆ ಮೊದಲು ಹಾಲು ಬಿಡಿಸುವುದಾದರೆ ತಂದೆತಾಯಿಯರು ಪರಸ್ಪರ ಒಪ್ಪಿ, ಸಮಾಲೋಚಿಸಿ ತೀರ್ಮಾನಿಸಲು ಅವಕಾಶ ನೀಡುತ್ತದೆ. ಒಂದು ಹೆರಿಗೆಯಿಂದ ಮುಂದಿನ ಗರ್ಭಧಾರಣೆಗೆ ಕನಿಷ್ಠ 24 ತಿಂಗಳ ಅಂತರವಿರಲೆಂದು ವಿಶ್ವ ಆರೋಗ್ಯ ಸಂಸ್ಥೆಯೂ ಹೇಳುತ್ತದೆ. ಹಾಲು ಬಿಡಿಸುವುದಕ್ಕೇ ಸಮಾಲೋಚನೆ ಇರುವಾಗ ತಾಯಿಯ ದೇಹಕ್ಕೆ ಏನನ್ನು ಸೇರಿಸಬೇಕೆಂಬುದು ಅತ್ತೆಯ, ನೆರೆಮನೆಯವರ ಅಥವಾ ಅಂಗಡಿಯವನ ತೀರ್ಮಾನವಾಗುವುದು ಹೇಗೆ? ವಿವಾಹಪೂರ್ವ ತರಗತಿಗಳನ್ನು ನಡೆಸುವ ಜಮಾಅತ್‌ಗಳು ಅದರಲ್ಲಿ ಒಂದು ಗಂಟೆಯನ್ನು ಮಹಿಳಾ ವೈದ್ಯರಿಗೆ ಬಿಟ್ಟುಕೊಡಲಿ. ವರನೂ ಅಲ್ಲಿ ಕೂರಲಿ. ಹೆರಿಗೆಗೆಂದು ದಾಖಲಾಗುವಾಗಲೇ ಹಿಮೋಗ್ಲೋಬಿನ್ ಎಷ್ಟಿದೆ, ರಕ್ತದೊತ್ತಡ ಎಷ್ಟಿದೆ ಎಂದು ದಂಪತಿಗಳು ಕೇಳಿ ಬರೆದಿಟ್ಟುಕೊಳ್ಳಲಿ. ಹೆರಿಗೆಯಾದೊಡನೆ ವಂಕಿ ಹಾಕುವುದಾದರೆ ನೋವಿನ ನಡುವೆ ಸಹಿ ಪಡೆಯುವ ಬದಲು ಮೊದಲೇ ಕೇಳಬೇಕೆಂದು ಒತ್ತಾಯಿಸಲಿ. ನಿರೋಧ್, ಮಾಲಾ-ಎನ್, ಛಾಯಾ, ಅಂತರಾ, ಕಾಪರ್-ಟಿ ಐದೂ ಸರಕಾರಿ ಆರೋಗ್ಯ ವ್ಯವಸ್ಥೆಯಲ್ಲಿ ಉಚಿತ; ಒಂದು ಒಗ್ಗದಿದ್ದರೆ ಇನ್ನೊಂದಕ್ಕೆ ಬದಲಾಯಿಸಲು ಯಾರ ಅಡ್ಡಿಯೂ ಇಲ್ಲ.