ಮುಖಪುಟದ ಗುದ್ದಲಿ

2010ರ ಜೂನ್ ಮೊದಲ ವಾರದಲ್ಲಿ ಬೆಂಗಳೂರಿನಲ್ಲಿ ಜಾಗತಿಕ ಹೂಡಿಕೆದಾರರ ಸಮಾವೇಶ ನಡೆಯಿತು. ಆಗ ಕನ್ನಡ ಓದುಗರ ಕಣ್ಣಿಗೆ ಬಿದ್ದದ್ದು ಬರೀ ಅಂಕಿಗಳು. ಕೊರಿಯಾದ ಪೋಸ್ಕೊ ಕಂಪನಿ ಬರುತ್ತದೆ, 32 ಸಾವಿರ ಕೋಟಿ ರೂಪಾಯಿ ಸುರಿಯುತ್ತದೆ, ವರ್ಷಕ್ಕೆ 60 ಲಕ್ಷ ಟನ್ ಉಕ್ಕು ತೆಗೆಯುತ್ತದೆ, ಹುಡುಗರಿಗೆಲ್ಲ ನೌಕರಿ ಸಿಗುತ್ತದೆ. ಇಷ್ಟನ್ನು ಓದಿಕೊಂಡು ನಾವು ಚಹಾ ಕುಡಿದೆವು. ಆ ಉಕ್ಕು ಯಾರ ಹೊಲದ ಮೇಲೆ ಹುಟ್ಟುತ್ತದೆಂದು ಯಾರೂ ಹೇಳಿರಲಿಲ್ಲ, ಯಾರೂ ಕೇಳಲೂ ಇಲ್ಲ. ಗದಗ ಜಿಲ್ಲೆ ಮುಂಡರಗಿ ತಾಲ್ಲೂಕಿನ ಹಳ್ಳಿಗುಡಿಯ ಹೆಸರು ದೊಡ್ಡಕ್ಷರದಲ್ಲಿ ಬಂದದ್ದು ಮರುವರ್ಷ, ಮೂರು ಸಾವಿರಕ್ಕೂ ಹೆಚ್ಚು ಎಕರೆ ಎರೆಹೊಲದ ಮೇಲೆ ಸ್ವಾಧೀನದ ಕತ್ತಿ ತೂಗಿದಾಗ. ಕೋಟಿಯ ಲೆಕ್ಕ ಮೊದಲು ಬಂತು, ಊರಿನ ಹೆಸರು ಆಮೇಲೆ ಬಂತು. ಈ ಕ್ರಮ ಆಕಸ್ಮಿಕವೆಂದು ನಂಬುವಷ್ಟು ಮುಗ್ಧ ನಾನಲ್ಲ.

ಕೋಟಿಯ ಲೆಕ್ಕ ಒಮ್ಮೆ ತಲೆಯೊಳಗೆ ಕೂತಿತೆಂದರೆ ಬೇಡ ಎನ್ನುವವನೇ ಕಳ್ಳನಾಗುತ್ತಾನೆ. ಜೋಳ, ಕಡಲೆ, ಉಳ್ಳಾಗಡ್ಡಿ ಬೆಳೆಯುವ ಹೊಲ 'ಅಭಿವೃದ್ಧಿಗೆ ಅಡ್ಡ' ಆಗುತ್ತದೆ. ಹೊಲ ಕೊಡೆ ಎಂದ ರೈತ ಯಾರದೋ ಮಾತು ಕೇಳಿ ಕುಣಿಯುವ ದಡ್ಡನಾಗುತ್ತಾನೆ. ಹಳ್ಳಿಗುಡಿಯ ಪುಣ್ಯ, ಗದಗದ ತೋಂಟದಾರ್ಯ ಮಠದ ಸಿದ್ಧಲಿಂಗ ಸ್ವಾಮಿಗಳು ಈ ಲೆಕ್ಕಕ್ಕೆ ಮಾರುಹೋಗಲಿಲ್ಲ. ಅವರು ರೈತರ ಮುಂದೆ ನಿಂತರು. ಜುಲೈ 2011ರಲ್ಲಿ ಯಡಿಯೂರಪ್ಪನವರ ಸರಕಾರವೇ ಹಿಂದೆ ಸರಿಯಿತು. 2013ರಲ್ಲಿ ಕಂಪನಿಯೂ ಕರ್ನಾಟಕದ ಯೋಜನೆ ಕೈಬಿಟ್ಟಿತು. ಬರಬೇಕಿದ್ದ ಸ್ವರ್ಗ ಬರಲಿಲ್ಲ. ಹಳ್ಳಿಗುಡಿಯ ಜನ ಇವತ್ತಿಗೂ ಆ ಎರೆ ಬಿತ್ತುತ್ತಾರೆ, ಉಣ್ಣುತ್ತಾರೆ. ಆ ಸ್ವರ್ಗ ಮಾರಿದವರಲ್ಲಿ ಒಬ್ಬರಾದರೂ 'ನಾವು ಬರೆದದ್ದು ಕಂಪನಿಯ ಪತ್ರಿಕಾ ಹೇಳಿಕೆ' ಎಂದು ಒಪ್ಪಿದ್ದನ್ನು ನಾನು ಓದಿಲ್ಲ.

ಪತ್ರಿಕೆಗಳ ಈ ನಡೆಯ ಒಳಗುಟ್ಟು ಗದಗದವರಿಗೆ ಗೊತ್ತಿರಬೇಕು. ಮುದ್ರಣಾಲಯಗಳ ಊರು ನಮ್ಮದು. ಇಲ್ಲಿ ಅಚ್ಚಾದ ಪಠ್ಯಪುಸ್ತಕ, ನಿಘಂಟು ಓದಿ ಉತ್ತರ ಕರ್ನಾಟಕದ ಎಷ್ಟೋ ಮಂದಿ ಪರೀಕ್ಷೆ ಪಾಸಾದರು. ಅಂಥದೊಂದು ಮುದ್ರಣದ ಮನೆಯಿಂದಲೇ ಬಂದ ವಿಜಯ ಸಂಕೇಶ್ವರರು 1999ರಲ್ಲಿ 'ವಿಜಯ ಕರ್ನಾಟಕ' ಆರಂಭಿಸಿ ಪತ್ರಿಕೆಯ ಬೆಲೆ ಇಳಿಸಿದರು. ಉಳಿದವರೂ ಇಳಿಸಬೇಕಾಯಿತು. ಬಡವರ ಮನೆಗೂ ಪತ್ರಿಕೆ ಬಂತು, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಕಾಗದ, ಮಸಿ, ಸಾಗಾಟ, ಸಂಬಳ ಎಲ್ಲ ಕೂಡಿದರೆ ಓದುಗ ಕೊಡುವ ಪುಡಿಗಾಸು ಯಾವ ಮೂಲೆಗೆ ಸಾಲುತ್ತದೆ? ಉಳಿದದ್ದನ್ನು ಜಾಹೀರಾತು ಕೊಟ್ಟವನು ತುಂಬುತ್ತಾನೆ. ಬಹಳಷ್ಟು ಸಲ ಆ ಜಾಹೀರಾತುದಾರ ಸರಕಾರವೇ ಆಗಿರುತ್ತದೆ. ಗುಡ್ಡ ಅಗೆಯಲು ಪರವಾನಗಿ ಕೊಡುವವನೂ ಅವನೇ, ಪತ್ರಿಕೆಯ ಬಿಲ್ಲು ಚುಕ್ತಾ ಮಾಡುವವನೂ ಅವನೇ. ತಾಲ್ಲೂಕಿನ ವರದಿಗಾರ ಹುಡುಗನಿಗೆ ವಾರ್ಷಿಕ ವಿಶೇಷಾಂಕಕ್ಕೆ ಜಾಹೀರಾತು ತಾ ಎಂದು ಗುರಿ ಕೊಟ್ಟಿರುತ್ತಾರೆ. ಬೆಳಗ್ಗೆ ಕಲ್ಲುಕ್ವಾರಿಯ ಮಾಲಕನ ಹತ್ತಿರ ಶುಭಾಶಯದ ಜಾಹೀರಾತು ಬೇಡಿದವನು ಸಂಜೆ ಅದೇ ಕ್ವಾರಿಯ ದೂಳಿನ ಬಗ್ಗೆ ಬರೆಯುತ್ತಾನೆಯೇ? ನನ್ನ ಸಿಟ್ಟು ಆ ಹುಡುಗನ ಮೇಲಲ್ಲ. ಅವನಿಗೆ ಸಂಬಳ ಕೊಡದೆ ಗುರುತಿನ ಚೀಟಿ ಮಾತ್ರ ಕೊಟ್ಟವರ ಮೇಲೆ.

ನಮ್ಮ ಗದಗ ಜಿಲ್ಲೆಯ ಕಪ್ಪತಗುಡ್ಡದ್ದಂತೂ ಹಳೆಯ ರೋಗ. ಇಪ್ಪತ್ತನೆಯ ಶತಮಾನದ ಮೊದಲಿಗೇ ಬಂಗಾರದ ಆಸೆ ತೋರಿಸಿ ಲಂಡನ್ನಿನಲ್ಲಿ ಷೇರು ಮಾರಿದ ಕಂಪನಿಗಳು ಈ ಸೀಮೆಗೆ ಬಂದವು. ಕಬಲಾಯತಕಟ್ಟಿಯ ಹತ್ತಿರ ಸುರಂಗ ಹೊಡೆದವು. ಕೆಲವೇ ವರ್ಷಗಳಲ್ಲಿ ಗಂಟುಮೂಟೆ ಕಟ್ಟಿದವು. 'ಬಂಗಾರದ ಗುಡ್ಡ' ಎಂಬ ಬಿರುದು ಮಾತ್ರ ಉಳಿಯಿತು. ಬಂಗಾರ ಎಂದು ಕೂಗಿದವನಿಗೆ ಇಲ್ಲಿನ ತೋಳ, ಕತ್ತೆಕಿರುಬ, ಔಷಧಿಯ ಬೇರು ಕಾಣುವುದಿಲ್ಲ, ಗುಡ್ಡದ ಬುಡದ ಕೆರೆಗೆ ಇಳಿಯುವ ನೀರೂ ಕಾಣುವುದಿಲ್ಲ. ಡಿಸೆಂಬರ್ 2015ರಲ್ಲಿ ಸರಕಾರ ಗುಡ್ಡವನ್ನು ಸಂರಕ್ಷಿತ ಪ್ರದೇಶವೆಂದು ಸಾರಿತು. ವರ್ಷ ತುಂಬುವ ಮೊದಲೇ, ನವೆಂಬರ್ 2016ರಲ್ಲಿ, ಆ ಆದೇಶವನ್ನೇ ವಾಪಸು ಪಡೆಯಿತು. ಜನರ ಅಭಿಪ್ರಾಯ ಕೇಳಿಲ್ಲ ಎಂಬುದು ನೆಪ! ಹಾಗಾದರೆ ಕೇಳಿರಿ ಎಂದು ಫೆಬ್ರವರಿ 2017ರಲ್ಲಿ ಜನ ಗದಗದ ರಸ್ತೆಗೆ ಬಂದು ಕೂತರು. ತೊಂಬತ್ತು ದಾಟಿದ ಸ್ವಾತಂತ್ರ್ಯ ಹೋರಾಟಗಾರ ಎಚ್.ಎಸ್. ದೊರೆಸ್ವಾಮಿ ಬಂದರು, ಅಕ್ರಮ ಗಣಿಗಳ ವಿರುದ್ಧ ಹೋರಾಡಿದ ಎಸ್.ಆರ್. ಹಿರೇಮಠರು ಬಂದರು. ಏಪ್ರಿಲ್‌ನಲ್ಲಿ ಆದೇಶ ಮತ್ತೆ ಜೀವ ಪಡೆಯಿತು. ಮೇ 2019ರಲ್ಲಿ 244.15 ಚದರ ಕಿಲೋಮೀಟರಿನ ವನ್ಯಜೀವಿ ಧಾಮ ಘೋಷಣೆಯಾಯಿತು. ಅದಾದ ಮೇಲೂ 2024ರಲ್ಲಿ ಧಾಮದ ಅಂಚಿನಲ್ಲಿ ಗಣಿ ಬೇಕೆಂಬ ಅರ್ಜಿಗಳ ಕಟ್ಟು ರಾಜ್ಯ ವನ್ಯಜೀವಿ ಮಂಡಳಿಯ ಮುಂದೆ ಬಂತು. ಮಂಡಳಿ ತಿರಸ್ಕರಿಸಿತು. ತಿರಸ್ಕಾರದ ಸುದ್ದಿ ಓದಿದ್ದೇವೆ. ಅರ್ಜಿ ಹಾಕಿದವರ ಹೆಸರುಗಳ ಪಟ್ಟಿಯನ್ನು ಎಷ್ಟು ಪತ್ರಿಕೆಗಳು ಅಚ್ಚು ಹಾಕಿದವು?

ಈಗ ಮೊಬೈಲಿಗೆ ಬರೋಣ. 2016ರ ಸೆಪ್ಟೆಂಬರಿನಲ್ಲಿ ಜಿಯೊ ಬಂದು ಡೇಟಾ ಅಗ್ಗವಾದ ಮೇಲೆ ಕುರಿ ಕಾಯುವವನ ಕೈಯಲ್ಲೂ ಪರದೆ ಇದೆ. ಇರಲಿ. ನನ್ನ ತಕರಾರು ಗುಡ್ಡ ಹತ್ತಿ ಬರುವ ಸೋಗಿನ ಹಿಂಡಿನ ಮೇಲೆ. 'ಎಪ್ಪತ್ತು ಗಿರಿ ನೋಡೂದಕ್ಕಿಂತ ಕಪ್ಪತ್ತಗಿರಿ ನೋಡೂದು ಲೇಸು' ಎಂದು ನಮ್ಮ ಹಿರಿಯರು ಹೇಳಿದ್ದನ್ನೇ ರೀಲ್ಸಿಗೆ ಅಂಟಿಸುತ್ತಾರೆ. ಮಳೆಗಾಲದಲ್ಲಿ ಮೋಡ ಇಳಿದಿರುವಾಗ ಬೈಕು ಸಾಲುಗಟ್ಟುತ್ತವೆ. ಗಾಳಿ ವಿದ್ಯುತ್ ಕಂಬದ ಕೆಳಗೆ ಕುಣಿತ, ಡ್ರೋನಿನ ಗುಂಯ್‌ಗುಡಿತ, ಹಿಂದೆ ಬಿಟ್ಟುಹೋಗುವ ಕುರ್‌ಕುರೆ ಚೀಟು, ಒಡೆದ ಬಾಟಲಿ. ಬ್ಯಾಸಿಗಿಯಲ್ಲಿ ಬಾದೆಹುಲ್ಲು ಒಣಗಿ ನಿಂತಿರುವಾಗ ಯಾರೋ ಎಸೆದ ಬೀಡಿಯ ತುಂಡು ಸಾಕು, ರಾತ್ರಿಯಿಡೀ ಗುಡ್ಡದ ನೆತ್ತಿ ಉರಿಯುತ್ತದೆ. ಗುಡ್ಡದ ಬುಡದ ಡೋಣಿ ಊರಿನ ಕಡೆಯ ಹಿರಿಯರೊಬ್ಬರು ಬೆಂಕಿ ಆರಿಸಲು ಹಸಿ ಟೊಂಗೆ ಹಿಡಿದು ಓಡುತ್ತಿದ್ದಾಗ, ಟವೆಲ್ ಕಟ್ಟಿಕೊಂಡ ಹುಡುಗನೊಬ್ಬ ದಾರಿಗೆ ಅಡ್ಡ ನಿಂತು ವಿಡಿಯೊ ಮಾಡುತ್ತಿದ್ದನಂತೆ. 'ಏ ತಮ್ಮಾ, ಫೋನ್ ಕಿಸೇಕ ಇಟ್ಟು ಒಂದ್ ಟೊಂಗಿ ಹಿಡಿಯೋ' ಅಂದರಂತೆ. 'ಕಾಕಾ, ಲೈವ್ ಐತ್ರಿ' ಎಂಬ ಉತ್ತರ ಬಂತಂತೆ.

ಆ ಹುಡುಗನಿಗೆ ಬೈದು ಮುಗಿಸುವುದು ಸುಲಭ, ನಾನೂ ಬೈಯುತ್ತೇನೆ. ಆದರೆ ಅವನು ವಿಡಿಯೊ ಹಾಕುವ ಜಾಲತಾಣದ ಕಂಪನಿಯ ಲೆಕ್ಕವೂ ಗೊತ್ತಿರಲಿ. ಯಾವ ವಿಡಿಯೊ ಮೇಲೆ ಕಣ್ಣು ಹೆಚ್ಚು ಹೊತ್ತು ನಿಲ್ಲುತ್ತದೋ ಅದನ್ನೇ ಇನ್ನಷ್ಟು ಮಂದಿಯ ಮುಂದೆ ತಂದು ಸುರಿಯುತ್ತದೆ, ನಡುನಡುವೆ ಜಾಹೀರಾತು ತುರುಕುತ್ತದೆ. ಉರಿಯುವ ಗುಡ್ಡದ ಮೇಲೆ ಕಣ್ಣು ನಿಲ್ಲುತ್ತದೆ. ಟೊಂಗೆ ಹಿಡಿದು ಬೆಂಕಿ ಬಡಿಯುವ ಮುದುಕನ ಮೇಲೆ ನಿಲ್ಲುವುದಿಲ್ಲ. ನಮ್ಮ ಬೆಂಕಿಯಿಂದ ಕ್ಯಾಲಿಫೋರ್ನಿಯಾದಲ್ಲಿ ಯಾರೋ ಕಾಸು ಎಣಿಸುತ್ತಾರೆ. ಸರಕಾರವೂ ಈ ಸಂತೆಗೆ ಇಳಿದಿದೆ. ಜಾಲತಾಣದ ಖಾತೆಗಳಿಗೂ ಸರಕಾರಿ ಜಾಹೀರಾತು ಕೊಡುವ ಮಾರ್ಗಸೂಚಿ 2024ರಲ್ಲಿ ಬಂತು. ಮುಂದಿನ ಉಕ್ಕಿನ ಕಾರ್ಖಾನೆಯನ್ನು ನಮಗೆ ಮಾರುವವನು ಮಂತ್ರಿಯಾಗಿರಬೇಕಿಲ್ಲ, ಗಿರ್ಮಿಟ್ ತಿನ್ನುತ್ತ ನಗಿಸುವ ಹುಡುಗನೇ ಆದಾನು.

ಮೊಬೈಲಿನಿಂದ ತಲೆಯೆತ್ತಿ ಬೀದಿ ನೋಡಿದರೆ ಲಕ್ಷ್ಮೇಶ್ವರದ ಕಥೆ ಇನ್ನೂ ಹೊಟ್ಟೆ ಉರಿಸುತ್ತದೆ. ಹಿಂದೆ ಪುಲಿಗೆರೆ ಎನಿಸಿಕೊಂಡಿದ್ದ, ಅಲ್ಲಿನದು ತಿರುಳ್ಗನ್ನಡವೆಂದು ಪಂಪ ಹೆಮ್ಮೆಪಟ್ಟ ಊರು ಅದು. ಅಲ್ಲೀಗ ಎಲ್ಲಕ್ಕಿಂತ ದೊಡ್ಡಕ್ಷರದ ಕನ್ನಡವೆಂದರೆ ಫ್ಲೆಕ್ಸಿನ ಮೇಲಿನ 'ಹುಟ್ಟುಹಬ್ಬದ ಹಾರ್ದಿಕ ಶುಭಾಶಯಗಳು'. ಅದರ ಕೆಳಗೆ ಕೂಲಿಂಗ್ ಗ್ಲಾಸ್ ಹಾಕಿದ ಮುಖಗಳ ಸಾಲು.

ಪೋಸ್ಕೊ ಹೋದ ಮೇಲೆ ಪಾಠ ಕಲಿತೆವೇ? ಫೆಬ್ರವರಿ 2025ರಲ್ಲಿ ಮತ್ತೆ ಬೆಂಗಳೂರು, ಮತ್ತೆ ಹೂಡಿಕೆದಾರರ ಸಮಾವೇಶ, ಮತ್ತೆ ಅಂಕಿ. ಈ ಸಲ ನೆರೆಯ ಕೊಪ್ಪಳಕ್ಕೆ 54 ಸಾವಿರ ಕೋಟಿಯ ಉಕ್ಕಿನ ಕಾರ್ಖಾನೆ. ಅದೇ ತಿಂಗಳು ಇಡೀ ಕೊಪ್ಪಳ ಬಂದ್ ಆಯಿತು. ಗವಿಮಠದ ಸ್ವಾಮಿಗಳೇ ಬೀದಿಗಿಳಿದರು. ಆಗ ಮುಖ್ಯಮಂತ್ರಿ ಕೆಲಸ ನಿಲ್ಲಿಸಲು ಹೇಳಬೇಕಾಯಿತು. ಪ್ರತಿ ಸಲವೂ ಒಬ್ಬ ಸ್ವಾಮಿಗಳು ಮಠ ಬಿಟ್ಟು ಬಂದರೇ ಉಳಿಯಬೇಕೇ ನಮ್ಮ ನೆಲ? ಸ್ವಾಮಿಗಳಿಲ್ಲದ ಊರಿನ ಗತಿ ಏನು?

ಒಂದು ಕಾನೂನು ಇದೆ, ಓದಿದವರು ಕಡಿಮೆ. ಪರಿಸರ ಪರಿಣಾಮ ಅಧ್ಯಯನದ 2006ರ ಅಧಿಸೂಚನೆಯ ಪ್ರಕಾರ ಇಂಥ ಯೋಜನೆಗೆ ಅಹವಾಲು ಸಭೆ ನಡೆಸಬೇಕು. ಅದರ ನೋಟಿಸನ್ನು ಒಂದು ರಾಷ್ಟ್ರೀಯ ಪತ್ರಿಕೆಯಲ್ಲಿ, ಒಂದು ಪ್ರಾದೇಶಿಕ ಭಾಷೆಯ ಪತ್ರಿಕೆಯಲ್ಲಿ ಹಾಕಿ ಜನರಿಗೆ ಕನಿಷ್ಠ 30 ದಿನ ಕೊಡಬೇಕು. ಹಾಕುತ್ತಾರೆ. ಎಲ್ಲಿ? ಟೆಂಡರು, ಕಳೆದುಹೋದ ಮಾರ್ಕ್ಸ್‌ಕಾರ್ಡು, ಹೆಸರು ಬದಲಾವಣೆಗಳ ಮಧ್ಯೆ, ಚಾಳೀಸಿನ ಕಣ್ಣಿಗೆ ಕಾಣದ ಇರುವೆಯಕ್ಷರದಲ್ಲಿ. ಹೂಡಿಕೆಯ ಸಂಭ್ರಮಕ್ಕೆ ಪೂರ್ತಿ ಪುಟ, ಬಣ್ಣ, ನಾಯಕರ ನಗೆ. ನಿಮ್ಮ ಹೊಲ ಹೋಗುವ ಸಭೆಯ ತಾರೀಖಿಗೆ ಬೆರಳಗಲದ ಜಾಗ.

ಬೇಡಿಕೆ ಇಷ್ಟೇ. ಯೋಜನೆಯ ಜಾಹೀರಾತು ಎಷ್ಟು ದೊಡ್ಡದೋ ಅಹವಾಲು ಸಭೆಯ ನೋಟಿಸೂ ಅಷ್ಟೇ ದೊಡ್ಡದಾಗಿ, ಅದೇ ಬಣ್ಣದಲ್ಲಿ, ಮೊದಲ ಪುಟದಲ್ಲಿ ಬರಲಿ. ಅರ್ಜಿ ಹಾಕಿದ ಕಂಪನಿಯ ಹೆಸರು, ಸರ್ವೆ ನಂಬರು, ಎಕರೆ, ಎಷ್ಟು ನೀರು ಎತ್ತುತ್ತಾರೆಂಬ ಲೆಕ್ಕ ಎಲ್ಲ ಅದರಲ್ಲಿರಲಿ. ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರದ ಬಸ್‌ ನಿಲ್ದಾಣಗಳಲ್ಲಿ ಹುಟ್ಟುಹಬ್ಬದ ಫ್ಲೆಕ್ಸ್ ಕಿತ್ತು ಅದನ್ನು ಕಟ್ಟಲಿ. ಜಾಗಕ್ಕೆ ದುಡ್ಡೆಲ್ಲಿ ಎಂದು ಪತ್ರಿಕೆಯ ಧಣಿಗಳು ಕೇಳುತ್ತಾರೆ, ಗೊತ್ತು. ಕಾರ್ಖಾನೆ ಕಟ್ಟಲು ಬರುವವನ ಹತ್ತಿರವೇ ವಸೂಲು ಮಾಡಿರಿ. 54 ಸಾವಿರ ಕೋಟಿ ಇದೆ ಎಂದು ಹೇಳಿದವನು ಅವನೇ.